ಬೆರಳು ನಿಂತ ಸಾಲು

“ಬೆರಳು ಇಳೀತಾ?” ಎಂದು ಗಂಡ ಕೇಳಿದ.

“ತಡೀರಿ, ಕಣ್ಣು ಮುಚ್ಕೊಂಡಿದ್ದೀನಿ.”

“ಕಣ್ಣು ಮುಚ್ಚೋಕೆ ಎಷ್ಟು ಹೊತ್ತು ಬೇಕು ಇವಳೇ? ನನ್ನ ನೋಡು, ಮುಚ್ಚದೇನೇ ಏನೂ ಕಾಣಲ್ಲ.”

ಅವಳು ನಗಲಿಲ್ಲ. ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು, ತೊಡೆಯ ಮೇಲಿದ್ದ ಬೈಬಲ್ ಪುಸ್ತಕವನ್ನು ಎರಡೂ ಹೆಬ್ಬೆರಳಿನಿಂದ ಬಿಡಿಸಿ, ತೋರುಬೆರಳನ್ನು ಪುಟದ ಮೇಲೆ ಇಳಿಸಿದಳು. ಲಾಂಡ್ರಿಯ ಬಿಸಿಬಟ್ಟೆ ಹಿಡಿದು ಹಿಡಿದು ಬೆರಳ ತುದಿ ಗಟ್ಟಿಯಾಗಿತ್ತು. ಆ ತೆಳ್ಳನೆಯ ಕಾಗದ ಕೈಗೆ ತಾಕಿದ್ದೇ ತಿಳಿಯುತ್ತಿರಲಿಲ್ಲ. ಕಣ್ಣು ತೆರೆದು, ಬೆರಳು ನಿಂತ ಸಾಲನ್ನು ಅಕ್ಷರ ಕೂಡಿಸಿ ಓದಿದಳು. ಇಂಥವನ ಮಗ ಇಂಥವನು, ಅವನ ಮಗ ಇನ್ನೊಬ್ಬನು.

“ಇದೇನು ವೋಟರ್ ಲಿಸ್ಟಾ?” ಎಂದ ಗಂಡ. “ಇನ್ನೊಂದು ಸಲ ಹಾಕು.”

ಎರಡನೇ ಸಲ ಬೆರಳು ಯಾವುದೋ ಗುಡಾರದ ಮೇಲೆ ಬಿತ್ತು. ಪರದೆ ಇಷ್ಟು ಉದ್ದ, ಇಷ್ಟು ಅಗಲ, ಅಂಚಿಗೆ ಇಷ್ಟು ಕುಣಿಕೆ.

“ಅದು ನಿಮ್ಮ ಲಾಂಡ್ರಿಗೆ ಬಂದಿರೋ ಆರ್ಡರು. ನನ್ನದಲ್ಲ. ಹಾಕು, ಹಾಕು.”

ಮೂರನೇ ಸಲ ಅವಳು ಓದಲು ಶುರುಮಾಡಿದಳು. ಅವಳು ಓದುವ ರೀತಿಯೇ ಬೇರೆ. ಚಿಕ್ಕಂದಿನಲ್ಲೇ ಶಾಲೆ ಬಿಟ್ಟವಳು. ಅಕ್ಷರಕ್ಕೆ ಅಕ್ಷರ ಸೇರಿಸಿ ಗಟ್ಟಿಯಾಗಿ ಹೇಳಿಕೊಂಡು ಹೋಗಬೇಕು. ಬಾಯಿ ಮೊದಲು ಹೋಗುತ್ತಿತ್ತು, ಅರ್ಥ ಹಿಂದಿನ ಬಸ್ಸಿನಲ್ಲಿ ಬರುತ್ತಿತ್ತು. ಹಾಗಾಗಿ ತಾನು ಏನು ಓದುತ್ತಿದ್ದೇನೆ ಎಂದು ಅವಳಿಗೆ ತಿಳಿಯುವ ಮೊದಲೇ ಗಂಡನಿಗೆ ತಿಳಿದುಹೋಗಿತ್ತು. ಒಬ್ಬ ರಾಜ. ಅವನಿಗೆ ಕಾಲಿನಲ್ಲಿ ರೋಗ ಬಂತು. ರೋಗ ಏರಿತು. ಆಗಲೂ ಅವನು ದೇವರ ಕಡೆ ತಿರುಗಲಿಲ್ಲ, ವೈದ್ಯರ ಕಡೆಗೇ ಹೋದ. ಸತ್ತ.

ಅರ್ಥ ಬಂದು ತಲುಪಿದಾಗ ಅವಳು ಬೆರಳು ಎತ್ತಿದಳು, ಬಿಸಿ ತಾಕಿದವಳಂತೆ.

“ಇನ್ನೊಂದು ಸಲ ನೋಡೋಣ ಕಣ್ರೀ. ಇದು ಯಾವುದೋ ಹಳೇ ರಾಜಂದು.”

ಗಂಡ ಗೋಡೆಯ ಕಡೆ ಮುಖ ಮಾಡಿಕೊಂಡಿದ್ದ. “ಬೇಡ. ಮುಚ್ಚಿಡು. ಕೇಳಿಸ್ತಲ್ಲ, ಸಾಕು.”

ಅವನ ಬಲಗಾಲು ಹೊದಿಕೆಯಿಂದ ಹೊರಗಿತ್ತು. ಪಟ್ಟಿ ಸುತ್ತಿದ್ದರೂ ಹೆಬ್ಬೆರಳಿನ ತುದಿ ಕಾಣುತ್ತಿತ್ತು, ಸುಟ್ಟ ಬದನೆಕಾಯಿಯ ಹಾಗೆ. ವಾಸನೆಗೆ ಅವಳು ಕಿಟಕಿಯನ್ನು ಮುಚ್ಚುತ್ತಲೇ ಇರಲಿಲ್ಲ.

ಆ ದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಸುತ್ತಿಬಳಸದೆ ಹೇಳಿದ್ದಳು. “ಬೆರಳು ಸತ್ತಿದೆ. ಪಾದ ಸಾಯ್ತಾ ಇದೆ. ಮೊಣಕಾಲಿನ ಕೆಳಗೆ ತೆಗೆದುಬಿಟ್ರೆ ಮನುಷ್ಯ ಉಳೀತಾರೆ. ಈ ವಾರ ದಾಟಿದ್ರೆ ನಾನು ಮಾತು ಕೊಡಲ್ಲ.” ಒಪ್ಪಿಗೆಯ ಕಾಗದ ಮುಂದಿಟ್ಟಾಗ ಗಂಡ, “ಕೇಳಿ ಹೇಳ್ತೀವಿ,” ಎಂದ. “ಯಾರನ್ನ ಕೇಳ್ತೀರಿ?” “ದೊಡ್ಡೋರನ್ನ.” ಮನೆಯಲ್ಲಿ ಯಾರೋ ಹಿರಿಯರಿರಬೇಕು ಎಂದುಕೊಂಡು ಡಾಕ್ಟರಮ್ಮ ಬೇಗ ಬನ್ನಿ ಎಂದಳು.

ಅವನು ಬಸ್ಸಿನ ಡ್ರೈವರ್ ಆಗಿದ್ದವನು. ಸಕ್ಕರೆ ಕಾಯಿಲೆ ಮೊದಲು ಕಣ್ಣಿಗೆ ಬಂತು. ಕಂಪನಿಯವರು ಕೀಲಿ ತೆಗೆದುಕೊಂಡು ಮನೆಗೆ ಕಳಿಸಿದರು. ಅವನು ಕುಡಿಯಲಿಲ್ಲ, ಅಳಲಿಲ್ಲ; ಕುರ್ಚಿ ಹಾಕಿಕೊಂಡು ಬಾಗಿಲಲ್ಲಿ ಕೂತು, ಹೋಗುವ ಬಸ್ಸುಗಳ ಸದ್ದು ಕೇಳಿ, “ಮೂರನೇ ಗೇರಲ್ಲಿ ಕೊಲ್ತಾ ಇದ್ದಾನೆ ಬೋಳಿಮಗ,” ಎಂದು ಬೈಯುತ್ತಿದ್ದ. ಆಗಲೇ ಲಾಂಡ್ರಿಯಲ್ಲಿ ಅವಳ ಜೊತೆ ಕೆಲಸ ಮಾಡುವ ಅಕ್ಕ ಅವರಿಬ್ಬರನ್ನೂ ಬ್ಯಾಟರಿ ಅಂಗಡಿಯ ಮೇಲಿನ ಹಾಲಿಗೆ ಪ್ರಾರ್ಥನೆಗೆ ಕರೆದುಕೊಂಡು ಹೋದದ್ದು. ಅಲ್ಲಿ ಯಾರೂ ಅವನನ್ನು ಅಯ್ಯೋ ಎನ್ನಲಿಲ್ಲ. ಹಾಡುವಾಗ ಅವನ ದನಿ ಎಲ್ಲರಿಗಿಂತ ಮೇಲಿರುತ್ತಿತ್ತು. ಇಬ್ಬರೂ ಒಂದೇ ದಿನ ದೀಕ್ಷಾಸ್ನಾನದ ನೀರಿನಲ್ಲಿ ಮುಳುಗಿ ಎದ್ದರು. ಕೈಗೆ ಒಂದು ಪುಸ್ತಕ ಬಂತು. ಅವನಿಗೆ ಕಣ್ಣಿಲ್ಲ, ಹಾಗಾಗಿ ಓದುವ ಕೆಲಸ ಅವಳದಾಯಿತು. ಎಲ್ಲಿಂದ ಓದಬೇಕು ಎಂದು ಕೇಳಿದಾಗ ಅಕ್ಕ ಹೇಳಿಕೊಟ್ಟದ್ದೇ ಈ ಬೆರಳು ಇಡುವುದು: ಬೆರಳು ನಿಂತ ಸಾಲೇ ದೇವರ ಉತ್ತರ.

---

ಹೋಟೆಲುಗಳ ಹಾಸುಬಟ್ಟೆ ಬರುವ ಲಾಂಡ್ರಿ ಅದು. ಉದ್ದನೆಯ ರೋಲರ್ ಯಂತ್ರದ ಒಂದು ಕಡೆ ಇಬ್ಬರು ಒದ್ದೆ ಬಟ್ಟೆ ಕೊಡುತ್ತಾರೆ. ಇನ್ನೊಂದು ಕಡೆ ಅದು ಬಿಸಿಯಾಗಿ, ಸುಕ್ಕಿಲ್ಲದೆ ಹೊರಬರುತ್ತದೆ. ಅಲ್ಲಿ ಅವಳೂ ಅಕ್ಕನೂ ಎದುರುಬದುರಾಗಿ ನಿಂತು ಮಡಿಸುತ್ತಾರೆ. ವಿರಾಮದಲ್ಲಿ ಪುಸ್ತಕ ಹಿಡಿದು ಗಟ್ಟಿಯಾಗಿ ಅಕ್ಷರ ಕೂಡಿಸುವುದನ್ನು ನೋಡಿ ಉಳಿದವರು ಅವಳಿಗೆ ಟೀಚರ್ ಎಂದು ಹೆಸರಿಟ್ಟಿದ್ದರು.

“ಟೀಚರ್, ಇವತ್ತು ಮುಖ ಯಾಕೆ ಮಡಿಸಿಟ್ಟಂಗಿದೆ?” ಎಂದು ಮರುದಿನ ಒಬ್ಬಳು ಕೇಳಿದಾಗ ಅವಳು ಅಕ್ಕನ ಕಡೆ ತಿರುಗಿ ಎಲ್ಲವನ್ನೂ ಹೇಳಿದಳು. ಅಕ್ಕ ಕೈಯಲ್ಲಿದ್ದ ಹಾಸುಬಟ್ಟೆಯನ್ನು ಪೂರ್ತಿ ಮಡಿಸಿಟ್ಟು ಕೇಳಿದಳು.

“ಕಾಲು ಅಂತಾನೇ ಬಂತಾ?”

“ಕಾಲು ಅಂತಾನೇ.”

“ಡಾಕ್ಟರು ಅಂತಾನೂ ಬಂತಾ?”

“ವೈದ್ಯರು ಅಂತ.”

“ಇದಕ್ಕಿಂತ ಬಿಡಿಸಿ ಹೇಳೋಕೆ ದೇವರೇನು ಮೈಕು ಹಿಡ್ಕೊಂಡು ಬರಬೇಕಾ?”

“ಆದ್ರೆ ಅಕ್ಕ, ಅದು ಮೂರನೇ ಸಲಕ್ಕೆ ಬಂದದ್ದು. ಮೊದಲು ಬರೀ ಹೆಸರು ಬಂತು, ಆಮೇಲೆ ಗುಡಾರ.”

“ಫೋನ್ ಮಾಡಿದ್ರೆ ಮೊದಲನೇ ಸಲಕ್ಕೇ ಎತ್ತುತ್ತಾರಾ? ಎಂಗೇಜ್ ಬರುತ್ತೆ, ರಾಂಗ್ ನಂಬರಿಗೆ ಹೋಗುತ್ತೆ. ಸಿಕ್ಕಿದ ಮೇಲೆ ಸಿಕ್ತು, ಅಷ್ಟೇ.”

ಅಕ್ಕ ಸುಳ್ಳು ಹೇಳುವ ಹೆಂಗಸಲ್ಲ. ಹೊಡೆಯುವ ಗಂಡನ ಜೊತೆ ಇರಬೇಕೋ ಬಿಡಬೇಕೋ ತಿಳಿಯದೆ ಒಂದು ದಿನ ಹೀಗೇ ಬೆರಳು ಇಟ್ಟಿದ್ದಳು. ಎದ್ದು ಹೊರಡು ಎಂಬ ಮಾತು ಬಂದಿತ್ತು. ಎದ್ದಳು, ಮಗಳನ್ನು ಎತ್ತಿಕೊಂಡು ಹೊರಟಳು. ಅವತ್ತು ಹೊರಡದಿದ್ದರೆ ಇವತ್ತು ಅವಳು ಇರುತ್ತಿರಲಿಲ್ಲ. ಅದು ಲಾಂಡ್ರಿಗೆಲ್ಲ ಗೊತ್ತಿದ್ದ ಸಂಗತಿ.

“ನಿಮ್ಮ ಮಗಳ ಹೆರಿಗೆಗೆ ಆಪರೇಷನ್ ಮಾಡಿಸಿದ್ರಲ್ಲ ಅಕ್ಕ?”

“ಅವತ್ತು ನನಗೆ ಬೇರೆ ವಾಕ್ಯ ಬಂದಿತ್ತು,” ಎಂದಳು ಅಕ್ಕ. ಬಟ್ಟೆಯ ತುದಿಗಳನ್ನು ಅವಳ ಕೈಗೆ ಕೊಟ್ಟು, “ನಂಬು. ನಂಬೋದು ಕಷ್ಟ, ಗೊತ್ತು. ಉಪವಾಸ ಇದ್ದು ಪ್ರಾರ್ಥನೆ ಮಾಡು, ನಾನೂ ನಿನ್ನ ಜೊತೆ ಇರ್ತೀನಿ,” ಎಂದಳು. ನಿಜವಾಗಿಯೂ ಆ ಮಧ್ಯಾಹ್ನ ಅಕ್ಕ ಬುತ್ತಿ ಬಿಚ್ಚಲಿಲ್ಲ.

ಅವಳಿಗೆ ಹಸಿವೂ ಆಗುತ್ತಿತ್ತು, ಹೆದರಿಕೆಯೂ ಆಗುತ್ತಿತ್ತು. ಕೆಲಸ ಬಿಟ್ಟವಳೇ ಮನೆಗೆ ಹೋಗದೆ, ಹಾಲಿನಲ್ಲಿ ಪ್ರಾರ್ಥನೆ ನಡೆಸುವ ಪಾಸ್ಟರ್ ಅಂಗಡಿಯ ಕಡೆ ನಡೆದಳು.

---

ಪಾಸ್ಟರ್ ವಾರದ ದಿನಗಳಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದರು. ಕೈಗೆಲ್ಲ ಎಣ್ಣೆ. ಪುಸ್ತಕ ಮುಟ್ಟುವಂತಿರಲಿಲ್ಲ, ಹಾಗಾಗಿ ಅವಳೇ ಪುಟ ತೆಗೆದು ಅವರ ಮುಖದ ಮುಂದೆ ಹಿಡಿದಳು. ಅವರು ಸಾಲು ನೋಡಿದರು, ಅವಳ ಮುಖ ನೋಡಿದರು.

“ಬೆರಳು ಇಟ್ಟು ತೆಗೆದ್ರಾ?”

“ಹೂಂ.”

“ಸರಿ. ಈಗ ಇದರ ಮೇಲಿಂದ ಓದಮ್ಮ. ದೊಡ್ಡ ಅಂಕಿ ಇದೆಯಲ್ಲ, ಅಲ್ಲಿಂದ. ನಂಗೆ ಅವಸರ ಇಲ್ಲ.”

ಅವಳು ನಿಂತುಕೊಂಡೇ ಓದಿದಳು. ಗಿರಾಕಿಯೊಬ್ಬ ಬಂದು ಕಾದು ಹೋದ. ಆ ರಾಜ ಪಕ್ಕದ ರಾಜನಿಗೆ ಹೆದರಿ, ದೇವರ ಮನೆಯ ಬೆಳ್ಳಿಬಂಗಾರವನ್ನೆಲ್ಲ ಬಳಿದು ಇನ್ನೊಬ್ಬ ರಾಜನಿಗೆ ಕಳಿಸಿ ಸಹಾಯ ಕೊಂಡುಕೊಂಡಿದ್ದ. ಅದು ತಪ್ಪು ಎಂದು ಹೇಳಲು ಬಂದವನನ್ನು ಜೈಲಿಗೆ ಹಾಕಿದ್ದ. ಜನರನ್ನು ತುಳಿದಿದ್ದ. ಕಾಲಿನ ಮಾತು ಬರುವುದು ಇವೆಲ್ಲ ಆದ ಮೇಲೆ.

“ಈಗ ಹೇಳಿ. ಅವನ ತಪ್ಪು ಏನು? ಡಾಕ್ಟರ ಹತ್ರ ಹೋದದ್ದಾ?”

“ಕಾಲಿಗೆ ರೋಗ ಬರೋ ಮೊದಲೇ ದೇವರನ್ನ ನಂಬೋದು ಬಿಟ್ಟಿದ್ದ,” ಎಂದಳು ಅವಳು, ನಿಧಾನವಾಗಿ.

“ಅಷ್ಟೇ. ಯಾರದೋ ಮನೇಲಿ ಜಗಳ ನಡೀತಿರುತ್ತೆ. ನಾವು ಬಾಗಿಲು ತಳ್ಳಿ ಒಂದು ಮಾತು ಕೇಳಿ ಬಾಗಿಲು ಎಳ್ಕೊಂಡು ಬಂದುಬಿಟ್ರೆ, ಜಗಳ ಯಾತಕ್ಕೆ ಅಂತ ಗೊತ್ತಾಗುತ್ತಾ? ನಿಮ್ಮ ಯಜಮಾನರು ಯಾರನ್ನ ಜೈಲಿಗೆ ಹಾಕಿದ್ರು?”

ಅವಳಿಗೆ ಅಳು ಬಂತು. “ಇದನ್ನ ಮೊದಲೇ ಹೇಳಬಹುದಿತ್ತಲ್ಲ ಅಯ್ಯನೋರೇ. ನೀರಲ್ಲಿ ಮುಳುಗಿಸಿ ಎತ್ತಿದ್ರಿ, ಎಲ್ಲರೂ ಚಪ್ಪಾಳೆ ಹೊಡೆದ್ರಿ, ಕೈಗೆ ಪುಸ್ತಕ ಕೊಟ್ಟು ಕಳಿಸಿದ್ರಿ. ಹೇಗೆ ಓದೋದು ಅಂತ ಯಾರು ಹೇಳಿದ್ರಿ? ಪ್ರೆಶರ್ ಕುಕ್ಕರ್ ತಗೊಂಡ್ರೂ ಅಂಗಡಿಯವನು ಹೇಳಿಕೊಡ್ತಾನೆ.”

ಪಾಸ್ಟರ್ ಬಟ್ಟೆಯಲ್ಲಿ ಕೈ ಒರೆಸಿಕೊಂಡರು. ಎಷ್ಟು ಒರೆಸಿದರೂ ಕಪ್ಪು ಹೋಗಲಿಲ್ಲ. “ಹೌದು. ಹೇಳಬೇಕಿತ್ತು,” ಎಂದರು. ಆಮೇಲೆ ಹೇಳಿದರು: ಮೊದಲನೇ ಪುಟದಿಂದಲೂ ಬೇಡ, ನಡುವಿನಿಂದಲೂ ಬೇಡ. ಯೇಸುವಿನ ಕಥೆ ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಎರಡನೆಯದು ಎಲ್ಲಕ್ಕಿಂತ ಚಿಕ್ಕದು, ಅಲ್ಲಿಂದ ಶುರುಮಾಡಬೇಕು. ದಿನಕ್ಕೆ ಒಂದೇ ಪುಟ. ಯಾರು ಮಾತಾಡುತ್ತಿದ್ದಾರೆ, ಯಾರಿಗೆ, ಯಾತಕ್ಕೆ ಎಂದು ಕೇಳಿಕೊಳ್ಳಬೇಕು. ತಿಳಿಯದಿದ್ದರೆ ಮೇಲಿನ ಸಾಲು, ಕೆಳಗಿನ ಸಾಲು ನೋಡಬೇಕು. ಆಗಲೂ ತಿಳಿಯದಿದ್ದರೆ ಗುರುತು ಹಾಕಿ ಮುಂದೆ ಹೋಗಬೇಕು. “ಓಡಬೇಡಿ. ಓಡಿದ್ರೆ ಏನೂ ಕಾಣಲ್ಲ.”

“ಅದರಲ್ಲಿ ಕಾಲಿನ ಮಾತು ಎಲ್ಲಾದ್ರೂ ಬರುತ್ತಾ? ಕಾಲು ಹೋದ್ರೂ ಪರವಾಗಿಲ್ಲ ಅನ್ನೋ ಥರ ಏನಾದ್ರೂ ಒಂದು? ಅದನ್ನ ಓದಿ ಹೇಳಿದ್ರೆ ಒಪ್ತಾರೆ. ಅವರಿಗೆ ಪುಸ್ತಕದ ಮಾತೇ ಬೇಕು.”

ಪಾಸ್ಟರ್ ಯಂತ್ರದ ಕಡೆ ತಿರುಗಿದರು. “ಒಂದು ವಾಕ್ಯದ ಎದುರಿಗೆ ಇನ್ನೊಂದು ವಾಕ್ಯ ನಿಲ್ಲಿಸಿ ಗುದ್ದಾಡಿಸೋದು ಬೇಡಮ್ಮ. ಅದೂ ಬೆರಳು ಇಡೋ ಆಟಾನೇ. ಕಾಲಿನ ವಿಷಯ ಡಾಕ್ಟರು ಹೇಳಿದ್ದಾರಲ್ಲ. ಸಂಜೆ ನಾನೇ ಬರ್ತೀನಿ.”

ಹೇಳಿದಂತೆ ಬಂದರು. ಮಂಚದ ಅಂಚಿನಲ್ಲಿ ಕೂತು ರಾಜನ ಕಥೆಯನ್ನು ಮೊದಲಿನಿಂದ ಹೇಳಿದರು. ಗಂಡ ಕೈಮುಗಿದುಕೊಂಡೇ ಕೇಳಿದ, ಪ್ರಾರ್ಥನೆಗೆ ಗಟ್ಟಿಯಾಗಿ ಆಮೆನ್ ಎಂದ. ಮೆಟ್ಟಿಲು ಇಳಿಯುವ ಸದ್ದು ದೂರವಾದ ಮೇಲೆ, “ಒಳ್ಳೇ ಮನುಷ್ಯ ಪಾಪ,” ಎಂದ. “ಆದ್ರೆ ದೇವರು ನನಗೇ ಅಂತ ಹೇಳಿದ್ದನ್ನ ಅವರು ಬಂದು ಒರೆಸೋಕಾಗುತ್ತಾ?”

---

ಮಾರನೆಯ ದಿನ ಮೈದುನ ಬಂದ. ಗಾಜು ಕತ್ತರಿಸುವ ಅಂಗಡಿಯಲ್ಲಿ ಕೆಲಸ ಅವನಿಗೆ. ಬೆರಳುಗಳ ತುಂಬ ಹಳೆಯ ಗಾಯ. ಆಸ್ಪತ್ರೆಯಿಂದ ಒಪ್ಪಿಗೆಯ ಕಾಗದವನ್ನು ತಾನೇ ಕೇಳಿ ತಂದಿದ್ದ.

“ಅಣ್ಣಾ, ಆ ರಾಜ ಇದ್ದದ್ದು ಯಾವ ಕಾಲದಲ್ಲಿ? ಆಗ ಡಾಕ್ಟರು ಅಂದ್ರೆ ಸೊಪ್ಪು ಅರೆಯೋರು. ಸೊಪ್ಪು ಅರೆಯೋರ ಹತ್ರ ಹೋದ, ಸತ್ತ. ಅದಕ್ಕೆ ದೇವರು ಬೈದ. ನೀನು ಹೋಗಬೇಕಾಗಿರೋದು ಸರ್ಜನ್ ಹತ್ರ. ಹಾಕು ಸೈನು.”

“ನೀನು ನಂಬದೋನು. ನಿನಗೆ ತಿಳಿಯಲ್ಲ.”

“ನಾನು ಏನನ್ನ ನಂಬ್ತೀನೋ ಬಿಡ್ತೀನೋ, ಮೂಗಂತೂ ಇದೆ. ಈ ರೂಮಲ್ಲಿ ಹೆಣದ ವಾಸನೆ ಬರ್ತಿದೆ ಅಣ್ಣ.”

ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಗಂಡ ಮೆಲ್ಲಗೆ ಹೇಳಿದ. “ಬಲಗಾಲು ಕಣೋ. ಬ್ರೇಕಿನ ಕಾಲು.”

“ಬ್ರೇಕಾ? ಕಣ್ಣೇ ಇಲ್ಲ, ಇನ್ನೆಲ್ಲಿ ಬ್ರೇಕು ಹಾಕ್ತೀಯ?”

“ಕಣ್ಣು ಬರುತ್ತೆ. ಪ್ರಾರ್ಥನೆ ನಡೀತಿದೆ. ಕಣ್ಣು ಬಂದ ದಿನ ಕಾಲಿಲ್ಲದೆ ಹೋಗಿ ಡಿಪೋದಲ್ಲಿ ಏನಂತ ನಿಲ್ಲಲಿ?”

ಆಗ ಅವಳಿಗೆ ಗೊತ್ತಾಯಿತು. ಪುಸ್ತಕ ಅವನಿಗೆ ಹೊಸದೇನನ್ನೂ ಹೇಳಿರಲಿಲ್ಲ. ಅವನಿಗೆ ಬೇಕಾಗಿದ್ದುದನ್ನು ದೊಡ್ಡವರ ಬಾಯಿಂದ ಹೇಳಿಸಿಕೊಟ್ಟಿತ್ತು. ಅದನ್ನು ಹೇಳಿದ ಬಾಯಿ ಅವಳದೇ.

ಮೈದುನ ಕಾಗದವನ್ನು ದಿಂಬಿನ ಕೆಳಗೆ ತುರುಕಿ ಹೋದ. ಹೋಗುವಾಗ ಬಾಗಿಲಲ್ಲಿ, “ಅತ್ತಿಗೆ, ನೀವು ಓದಿದ್ದನ್ನ ತಾನೇ ಅಣ್ಣ ಕೇಳ್ತಿರೋದು? ನೀವೇ ಏನಾದ್ರೂ ಮಾಡಿ,” ಎಂದ.

ಅವಳು ಏನಾದರೂ ಮಾಡಿದಳು. ಸಂಜೆ ದೀಪ ಹಾಕಿ, ಸ್ಟೂಲು ಎಳೆದುಕೊಂಡು, ಪುಸ್ತಕ ಬಿಡಿಸಿದಳು. “ಸುವಾರ್ತೆ ಶುರುಮಾಡಿದ್ದೀನಿ, ಕೇಳ್ತೀರಾ?” ಎಂದಳು. ಅವನು ಹೂಂ ಎಂದ. ಅವಳು ನದಿಯ ದಡದಲ್ಲಿ ಶುರುವಾಗುವ ಆ ಕಥೆಯ ಮೊದಲ ಕೆಲವು ಸಾಲು ಓದಿದಳು, ಅಕ್ಷರ ಅಕ್ಷರವಾಗಿ, ಎಂದಿನಂತೆ. ಆಮೇಲೆ ಕಣ್ಣನ್ನು ಪುಟದ ಮೇಲೆಯೇ ಇಟ್ಟುಕೊಂಡು ಹೇಳಿದಳು: “ಆಗ ಕರ್ತನು ಆ ಮನುಷ್ಯನಿಗೆ, ನಿನ್ನ ಒಂದು ಕಾಲು ಹೋದರೂ ಚಿಂತೆಯಿಲ್ಲ, ಕುಂಟನಾಗಿಯಾದರೂ ನೀನು ಬದುಕು, ನಾನು ನಿನ್ನ ಸಂಗಡ ಇರುತ್ತೇನೆ ಎಂದು ಹೇಳಿದನು.”

ಗಂಡ ತಲೆ ತಿರುಗಿಸಿ ಅವಳ ಮುಖ ಇರಬಹುದಾದ ಕಡೆ ನೋಡಿದ.

“ಇವಳೇ.”

“ಏನ್ರೀ?”

“ನೀನು ಓದೋವಾಗ ತಡವರಿಸ್ತೀಯ. ಒಂದೊಂದು ಪದಕ್ಕೂ ಮೆಟ್ಟಿಲು ಹತ್ತಿದಂಗೆ ಹತ್ತುತ್ತೀಯ. ಈಗ ಒಂದು ಕಡೆಯೂ ತಡವರಿಸಲಿಲ್ಲ.”

ಅವಳು ಪುಟದ ಮೇಲಿಂದ ಬೆರಳು ತೆಗೆದಳು.

“ದೇವರ ಬಾಯಲ್ಲಿ ನಿನ್ನ ಮಾತು ತುರುಕಿದೆಯಲ್ಲೇ,” ಎಂದ ಅವನು. ಕೋಪದಿಂದ ಹೇಳಿದ್ದರೆ ಅವಳು ಜಗಳವಾಡುತ್ತಿದ್ದಳು. ಕನಿಕರದಿಂದ ಹೇಳಿದ. ದಿಂಬಿನ ಕೆಳಗಿನ ಕಾಗದವನ್ನು ತಡಕಿ ತೆಗೆದು, ನಾಲ್ಕು ತುಂಡು ಮಾಡಿ, ಅವಳ ತೊಡೆಯ ಮೇಲಿಟ್ಟ. ಆಮೇಲೆ ಅವನು ಅವಳ ಬಾಯಿಂದ ಒಂದು ಸಾಲನ್ನೂ ಓದಿಸಲಿಲ್ಲ.

---

ವಾರ ದಾಟಿತು. ಜ್ವರ ಏರಿತು. ಅಕ್ಕ ಮತ್ತು ಸಭೆಯ ಹೆಂಗಸರು ಬಂದು ಮಂಚದ ಸುತ್ತ ನಿಂತು ಹಾಡಿದರು. ಅವನೂ ತುಟಿ ಆಡಿಸಿದ. ಮೈದುನ ಆಂಬುಲೆನ್ಸ್ ತಂದು ಅಣ್ಣನನ್ನು ಎತ್ತಿಸಿಕೊಂಡು ಹೋದಾಗ ಅವನಿಗೆ ಬೇಡ ಎನ್ನುವ ಎಚ್ಚರ ಉಳಿದಿರಲಿಲ್ಲ. ಡಾಕ್ಟರಮ್ಮ ಹೊದಿಕೆ ಸರಿಸಿ ನೋಡಿ, ಮತ್ತೆ ಮುಚ್ಚಿದಳು. “ಈಗ ಎಲ್ಲಿ ಕತ್ತರಿಸೋದು? ರಕ್ತಕ್ಕೆಲ್ಲ ಹತ್ತಿದೆ.” ಮಾತಿನಲ್ಲಿ ಸಿಟ್ಟಿತ್ತು. “ಯಾರೋ ದೊಡ್ಡೋರನ್ನ ಕೇಳ್ತೀವಿ ಅಂದ್ರಲ್ಲ, ಏನಂದ್ರು ಅವರು?”

ಅವಳು ಹೊದಿಕೆಯ ತುದಿಯನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿದಳು.

ವಾರ್ಡಿನಲ್ಲಿ ಅವಳು ಅವನ ಮಂಚದ ಪಕ್ಕ ಕೂತು ಸುವಾರ್ತೆ ಓದುತ್ತಿದ್ದಳು. ಪಾಸ್ಟರ್ ಹೇಳಿದಂತೆ ದಿನಕ್ಕೆ ಒಂದೇ ಪುಟ, ಮನಸ್ಸಿನಲ್ಲೇ, ತುಟಿ ಮಾತ್ರ ಆಡಿಸುತ್ತ. ಯಾರು ಮಾತಾಡುತ್ತಿದ್ದಾರೆ, ಯಾರಿಗೆ, ಯಾತಕ್ಕೆ. ಮನೆಯ ಮಾಡು ತೆಗೆದು ಯಾರೋ ರೋಗಿಯನ್ನು ಹಗ್ಗದಲ್ಲಿ ಇಳಿಸುತ್ತಿದ್ದರು. ಯಾರದೋ ಮಗಳು ಸತ್ತಿದ್ದಳು, ಎದ್ದಳು. ಇತ್ತ ಜ್ವರದ ಮಂಪರಿನಲ್ಲಿ ಗಂಡನ ಬಲಗಾಲು ಹೊದಿಕೆಯ ಒಳಗೆ ಒಂದೇ ಸಮನೆ ಮಂಚದ ಕಂಬಿಯನ್ನು ಒತ್ತುತ್ತಿತ್ತು. ಎಲ್ಲೋ ಇಳಿಜಾರಿನಲ್ಲಿ ಇದ್ದಿರಬೇಕು. ಒತ್ತಿದ, ಒತ್ತಿದ, ಒಂದು ಬೆಳಿಗ್ಗೆ ಬಿಟ್ಟ.

ಮಣ್ಣು ಮಾಡುವಾಗ ಪಾಸ್ಟರ್ ಚಿಕ್ಕದಾಗಿ ಮಾತಾಡಿದರು. ಅಕ್ಕ ಅವಳನ್ನು ತಬ್ಬಿಕೊಂಡು, “ದೇವರ ಚಿತ್ತ ಕಣೆ. ಪೂರ್ತಿ ಮನುಷ್ಯನಾಗಿ ಕರ್ಕೊಂಡ,” ಎಂದಳು. ಮೈದುನ ಹತ್ತಿರ ಬರಲಿಲ್ಲ. ಎಲ್ಲರೂ ಚದುರಿದ ಮೇಲೆ ಬಂದು, ಕಾಲಿನ ಮಣ್ಣನ್ನು ಕಲ್ಲಿಗೆ ಒರೆಸುತ್ತ, “ನಿಮಗೆ ಓದೋಕೆ ಬರದೇ ಇದ್ದಿದ್ರೆ ಚೆನ್ನಾಗಿತ್ತು ಅತ್ತಿಗೆ,” ಎಂದು ಹೇಳಿ ಹೋದ. ಆಮೇಲೆ ಅವನು ಆ ಮನೆಯ ಮೆಟ್ಟಿಲು ಹತ್ತಲಿಲ್ಲ.

ಅವಳು ಓದುವುದನ್ನು ಬಿಡಲಿಲ್ಲ. ಭಕ್ತಿಯಿಂದ ಎಂದು ಹೇಳುವಂತಿರಲಿಲ್ಲ. ಬೆಳಿಗ್ಗೆ ಎದ್ದರೆ ಪಟ್ಟಿ ಬಿಚ್ಚುವುದಿಲ್ಲ, ಗಾಯ ತೊಳೆಯುವುದಿಲ್ಲ, ಎರಡನೇ ಲೋಟ ಟೀ ಸೋಸುವುದಿಲ್ಲ. ಲಾಂಡ್ರಿಗೆ ಹೊರಡುವವರೆಗಿನ ಹೊತ್ತನ್ನು ಎಲ್ಲಾದರೂ ಇಡಬೇಕಾಗಿತ್ತು. ಪುಸ್ತಕದಲ್ಲಿ ಇಡುತ್ತಿದ್ದಳು. ಓದು ಸ್ವಲ್ಪ ಸುಧಾರಿಸಿತ್ತು. ಅರ್ಥ ಈಗ ಅದೇ ಬಸ್ಸಿನಲ್ಲಿ ಬರುತ್ತಿತ್ತು, ಹಿಂದಿನ ಸೀಟಿನಲ್ಲಾದರೂ.

ಅಂಥ ಒಂದು ಬೆಳಿಗ್ಗೆ, ಸುವಾರ್ತೆ ಅರ್ಧ ದಾಟಿದ ಮೇಲೆ, ಶಿಷ್ಯರ ನಡುವೆ ಒಂದು ಮಗುವನ್ನು ನಿಲ್ಲಿಸಿಕೊಂಡು ಯೇಸು ಮಾತಾಡುತ್ತಿದ್ದ. ಮೊದಲು ಕೈಯ ಮಾತು ಬಂತು. ಕೈ ನಿನ್ನನ್ನು ತಪ್ಪಿಗೆ ಎಳೆದರೆ ಅದನ್ನು ಕತ್ತರಿಸಿಬಿಡು. ಅವಳ ಬೆರಳು ಮುಂದಿನ ಸಾಲಿಗೆ ಜಾರಿತು. ಕಾಲು ಎಂದಿತ್ತು. ಕಾಲನ್ನು ಕತ್ತರಿಸಿಬಿಡು ಎಂದಿತ್ತು. ಎರಡು ಕಾಲಿಟ್ಟುಕೊಂಡು ಬೆಂಕಿಗೆ ಬೀಳುವುದಕ್ಕಿಂತ ಕುಂಟನಾಗಿ ಜೀವಕ್ಕೆ ಸೇರುವುದು ಲೇಸು ಎಂದಿತ್ತು.

ಕುಂಟ ಎಂಬ ಪದದ ಮೇಲೆ ಅವಳ ಬೆರಳು ನಿಂತಿತು.

ಅವಳು ಮೇಲಿನಿಂದ ಓದಿದಳು. ಕೆಳಗಿನದನ್ನೂ ಓದಿದಳು. ಇದು ಆಸ್ಪತ್ರೆಯ ಕತ್ತಿಯ ಮಾತಲ್ಲ, ಮನುಷ್ಯನ ನಡತೆಯ ಮಾತು ಎಂದು ಅವಳಿಗೇ ತಿಳಿಯಿತು; ಯಾರೂ ಹೇಳಿಕೊಡಬೇಕಾಗಲಿಲ್ಲ. ಆಮೇಲೆ ಆ ಸಾಲನ್ನು ಗಟ್ಟಿಯಾಗಿ ಓದಿದಳು. ನಾಲಿಗೆ ತಡವರಿಸಿತು. ಮತ್ತೆ ಓದಿದಳು. ಅದೇ ಜಾಗದಲ್ಲಿ ತಡವರಿಸಿತು. ಇದನ್ನಾದರೆ ಅವನು ನಂಬುತ್ತಿದ್ದ.

ಸುವಾರ್ತೆಯ ಪುಟಗಳನ್ನು ಬೆರಳಿನಲ್ಲಿ ಎತ್ತಿ ನೋಡಿದಳು. ಒಂದು ಭಾನುವಾರ ಎದ್ದೇಳದೆ ಕೂತು ಓದಿದ್ದರೆ ಮುಗಿಯುತ್ತಿದ್ದಷ್ಟು ದಪ್ಪ.

ಲಾಂಡ್ರಿಯ ದಾರಿ ಬಿಟ್ಟು ಪಾಸ್ಟರ್ ಅಂಗಡಿಗೆ ಹೋದಳು. ಅವರು ಅಂಗಡಿಯ ಶಟರನ್ನು ಮೇಲಕ್ಕೆ ತಳ್ಳುತ್ತಿದ್ದರು. ಅವಳು ಪುಟ ಬಿಡಿಸಿ ತೋರಿಸಿದಳು. ಅವರು ಓದಲಿಲ್ಲ. ಓದಬೇಕಾಗಿರಲಿಲ್ಲ.

“ನಿಮಗೆ ಇದು ಗೊತ್ತಿತ್ತಾ?”

“ಗೊತ್ತಿತ್ತು.”

“ನಾನು ಕೇಳಿದೆ ಅವತ್ತು. ಇದೇ ಜಾಗದಲ್ಲಿ ನಿಂತ್ಕೊಂಡು ಕೇಳಿದೆ.”

“ಅದು ಕಾಲಿನ ಮಾತಲ್ಲಮ್ಮ,” ಎಂದರು ಪಾಸ್ಟರ್.

“ಗೊತ್ತಾಯ್ತು. ಮೇಲೆ ಕೆಳಗೆ ಓದಿದೆ.” ಅವಳು ಪುಸ್ತಕವನ್ನು ಮುಚ್ಚಿದಳು. “ಅವರಿಗೆ ಕಾಲಿನ ಮಾತೇ ಬೇಕಿತ್ತು ಅಯ್ಯನೋರೇ.”

ಅವರು ಏನೋ ಹೇಳಲು ಬಾಯಿ ತೆರೆದರು. ತಪ್ಪು ಓದಿಗೆ ಇನ್ನೊಂದು ತಪ್ಪು ಓದು ಮದ್ದಲ್ಲ ಎನ್ನುವಂಥದ್ದು ಇರಬೇಕು. ಅದು ಸರಿಯಾದ ಮಾತೇ ಆಗಿರಬೇಕು. ಶಟರ್ ಅರ್ಧಕ್ಕೆ ನಿಂತಿತ್ತು. ಅವರು ಅದನ್ನು ಮೇಲಕ್ಕೂ ತಳ್ಳದೆ, ಕೆಳಕ್ಕೂ ಎಳೆಯದೆ, ಎರಡೂ ಕೈಯಲ್ಲಿ ಹಿಡಿದುಕೊಂಡೇ ಇದ್ದರು. ಅವಳು ತಿರುಗಿ ನಡೆದಳು.

ಲಾಂಡ್ರಿಯಲ್ಲಿ ಯಂತ್ರ ಆಗಲೇ ಬಿಸಿಯಾಗಿತ್ತು. ಅಕ್ಕ ಒಬ್ಬಳೇ ನಿಂತು ದಿಂಬಿನ ಚೀಲ ಮಡಿಸುತ್ತ ಕಾಯುತ್ತಿದ್ದಳು. ಸಾವಿನ ಮನೆಯಿಂದ ಅವಳು ಕೆಲಸಕ್ಕೆ ವಾಪಸ್ಸು ಬಂದಾಗಿನಿಂದ ಅಕ್ಕ ಅವಳ ಜೊತೆ ಮೆತ್ತಗೆ ಮಾತಾಡುತ್ತಿದ್ದಳು. ಮುಖವನ್ನು ಮಾತ್ರ ನೇರವಾಗಿ ನೋಡುತ್ತಿರಲಿಲ್ಲ.

“ಲೇಟಾಯ್ತಲ್ಲೇ. ಸೂಪರ್‌ವೈಸರ್ ಎರಡು ಸಲ ಬಂದು ಹೋದ. ಹೊಟ್ಟೆನೋವು ಅಂತ ಹೇಳಿದ್ದೀನಿ, ಕೇಳಿದ್ರೆ ಹೊಟ್ಟೆ ಹಿಡ್ಕೋ.”

“ಹೂಂ.”

ಮೊದಲ ಹಾಸುಬಟ್ಟೆ ರೋಲರ್ ಕೆಳಗಿನಿಂದ ಹೊರಬಂತು. ಇಬ್ಬರೂ ಒಂದೊಂದು ಕಡೆ ಹಿಡಿದು ಎಳೆದರು. ಹಬೆಯ ಆಚೆಯಿಂದ ಅಕ್ಕ ಕೇಳಿದಳು.

“ಇವತ್ತೂ ಓದಿದ್ಯಾ?”

“ಓದಿದೆ.”

“ಏನಿತ್ತು ಪುಟದಲ್ಲಿ?”

ಅವಳು ಬಟ್ಟೆಯ ಎರಡು ತುದಿಗಳನ್ನೂ ಜೋಡಿಸಿ ಹಿಡಿದು ನಿಂತಳು. ಅಕ್ಕ ಆ ಕಡೆ ಜೋಡಿಸಿ ಕಾಯುತ್ತಿದ್ದಳು.

“ಉಪ್ಪಿನ ಮಾತಿತ್ತು,” ಎಂದಳು. “ಕೊನೇಲಿ. ಉಪ್ಪು ಸಪ್ಪೆಯಾದ್ರೆ ಏನು ಮಾಡೋದು ಅಂತ.”

“ಒಳ್ಳೇದು,” ಎಂದಳು ಅಕ್ಕ.

ಇಬ್ಬರೂ ಬಿಸಿಬಟ್ಟೆಯನ್ನು ಎತ್ತಿ ಹಿಡಿದು ಒಬ್ಬರ ಕಡೆಗೊಬ್ಬರು ನಡೆದರು. ಬೆರಳಿಗೆ ಬೆರಳು ತಾಕುವಷ್ಟು ಹತ್ತಿರ ಬಂದಾಗ ಅವಳು ತನ್ನ ತುದಿಗಳನ್ನು ಅಕ್ಕನ ಕೈಗೆ ಕೊಟ್ಟು, ಬಗ್ಗಿ ಮಡಿಕೆಯನ್ನು ಹಿಡಿದು ಎತ್ತಿ, ಅದನ್ನೂ ಕೊಟ್ಟಳು. ಆಮೇಲೆ ಹಿಂದೆ ಹಿಂದೆ ಹೆಜ್ಜೆ ಇಟ್ಟು ತನ್ನ ಜಾಗಕ್ಕೆ ಹೋಗಿ, ಮುಂದಿನ ಬಟ್ಟೆಗೆ ಕೈ ಚಾಚಿದಳು.